ಬದುವಿನ ಮೇಲಿನ ಹಳದಿ ಹೂವಿನ ಬಳ್ಳಿ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಬಳ್ಳಿಗಳ ಮಾತೇ ಜಾಸ್ತಿ. ಮಳೆ ಹಿಂದೆ ಸರಿಯುವ ಹೊತ್ತು, ಬೇಲಿ ಬದುಗಳೆಲ್ಲ ಹೂ ಬಿಡುವ ಕಾಲ, ಸಹಜವೇ. ಹೆಸರು, ಉದ್ದು, ಅವರೆಯ ಕುಟುಂಬಕ್ಕೆ ಸೇರಿದ ಕಾಡುಬಳ್ಳಿಗಳ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಆ ಪ್ರಶ್ನೆಗೆ ಅಷ್ಟು ಜಾಗ ಕೊಡಲೇಬೇಕಿತ್ತು.

ಪ್ರಶ್ನೆ: ನಮ್ಮದು ಅಳ್ನಾವರದ ಹತ್ತಿರದ ಹಳ್ಳಿ. ಗೋವಿನಜೋಳದ ಹೊಲ, ಅದರಾಚೆ ಬದು, ಬದುವಿನ ಆಚೆ ಕುರುಚಲು ಕಾಡು. ಬದುವಿನ ಹುಲ್ಲಿಗೆ ಸುತ್ತಿಕೊಂಡು ಒಂದು ಬಳ್ಳಿ ಬೆಳೆಯುತ್ತದೆ. ಮೂರೆಲೆ, ಹಳದಿ ಹೂವು, ಬಲಿತಾಗ ಕಪ್ಪಾಗುವ ಸಣ್ಣ ಕಾಯಿ. ಅಪ್ಪ ಕಾಡುಹೆಸರು ಅಂತಾರೆ. ಪಕ್ಕದ ಹೊಲದವರು ಕಾಡುದ್ದು ಅಂತಾರೆ. ಮೊಬೈಲ್ ಆ್ಯಪ್ ಒಂದೊಂದು ಫೋಟೊಗೆ ಒಂದೊಂದು ಹೆಸರು ಹೇಳಿತು. ಇದು ಯಾವುದು? ನಮ್ಮ ನಾಡಿನದೇನಾ, ಹೊರಗಿಂದ ಬಂದ ಕಳೆಯಾ?

ಉತ್ತರ: ನಿಮ್ಮ ಅಪ್ಪ ಹೇಳಿದ್ದೇ ಸರಿ. ಇದು ಕಾಡುಹೆಸರು. ನೀವು ಮುಂಗಾರಿನಲ್ಲಿ ಬಿತ್ತುವ ಹೆಸರಿನ ಮೂಲ ರೂಪ. ವಿಜ್ಞಾನಿಗಳು ಇದನ್ನು ವಿಗ್ನಾ ರೇಡಿಯೇಟಾ ಪ್ರಭೇದದ ಸಬ್‌ಲೋಬಾಟಾ ಅಂತ ಗುರುತಿಸುತ್ತಾರೆ. ಪ್ರಭೇದ ಒಂದೇ, ಕಾಡಿನದು ಒಂದು ರೂಪ, ಹೊಲದ್ದು ಇನ್ನೊಂದು ರೂಪ. ಅಪ್ಪಟ ನಮ್ಮ ನೆಲದ ಬಳ್ಳಿ.

ಪಕ್ಕದ ಹೊಲದವರ ಮಾತನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕಾಡುದ್ದು ಅನ್ನುವುದು ನಿಜವಾಗಿಯೂ ಇದೆ, ಪಶ್ಚಿಮ ಘಟ್ಟದ ಸೀಮೆಯಲ್ಲೇ ಇದೆ. ಎರಡೂ ಬಳ್ಳಿ, ಎರಡಕ್ಕೂ ಮೂರೆಲೆ, ಎರಡಕ್ಕೂ ಹಳದಿ ಹೂವು. ಎಲೆ, ಹೂವು ಮಾತ್ರ ನೋಡಿದರೆ ಅನುಭವ ಇದ್ದವರಿಗೂ ಹೇಳುವುದು ಕಷ್ಟ. ಆ್ಯಪ್ ತಡಬಡಾಯಿಸಿದ್ದೂ ಅದಕ್ಕೇ. ನೀವು ಅದಕ್ಕೆ ತೋರಿಸಿದ್ದು ಬರೀ ಎಲೆ ಮತ್ತು ಹೂವು. ನನಗೆ ಕಳಿಸಿದ ಕೊನೆಯ ಫೋಟೊದಲ್ಲಿ ಕಾಯಿ ಇತ್ತು. ಅರ್ಧ ಮಸುಕಾಗಿದ್ದರೂ ಅದೇ ಕೈ ಹಿಡಿಯಿತು.

ಈಗ ನೀವೇ ಬದುವಿಗೆ ಹೋಗಿ ನೋಡುವ ಹಾಗೆ ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದಿದ್ದರೆ ಒಳ್ಳೆಯದು.

ಮೊದಲು ಹೂವು. ಬೆಳಿಗ್ಗೆ ಹೋಗಿ, ಬಿಸಿಲೇರಿದರೆ ಹೂ ಮುದುಡಿಕೊಳ್ಳುತ್ತದೆ. ಈ ಕುಟುಂಬದ ಹೂವಿಗೆ ಐದು ದಳ. ಹಿಂದೆ ಅಗಲವಾಗಿ ನಿಂತದ್ದು ಪತಾಕೆ ದಳ. ಎರಡು ಪಕ್ಕದಲ್ಲಿ ರೆಕ್ಕೆ ದಳ. ಅವುಗಳ ನಡುವೆ ಎರಡು ದಳ ಕೂಡಿ ಆದ ದೋಣಿ ದಳ. ರೆಕ್ಕೆ ಎರಡನ್ನೂ ಉಗುರಿನ ತುದಿಯಿಂದ ಮೆಲ್ಲಗೆ ಆಚೀಚೆ ಸರಿಸಿ. ಒಳಗಿನ ದೋಣಿ ನೆಟ್ಟಗಿದೆಯಾ, ಸೊಟ್ಟಗೆ ಸುತ್ತಿಕೊಂಡಿದೆಯಾ ನೋಡಿ. ಹೆಸರು, ಉದ್ದಿನ ಗುಂಪಿನಲ್ಲಿ ದೋಣಿ ಒಂದು ಪಕ್ಕಕ್ಕೆ ತಿರುಚಿರುತ್ತದೆ. ಅದರ ಎಡಬದಿಯಲ್ಲಿ ಪುಟ್ಟ ಕೊಂಬು ಒಂದು ಹೊರಗೆ ಚಾಚಿರುತ್ತದೆ. ಈ ಕೊಂಬು ಕಂಡರೆ ಅರ್ಧ ದಾರಿ ಮುಗಿಯಿತು. ಕಾಡುತೊಗರಿಗೆ ಇದು ಇರುವುದಿಲ್ಲ, ಹುರುಳಿಗೂ ಇರುವುದಿಲ್ಲ.

ಆಮೇಲೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ. ಅಲ್ಲಿ ಎರಡು ಪುಟ್ಟ ಎಲೆಯಂಥ ತುಣುಕು ಇರುತ್ತವೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಕಾವಿನೆಲೆ ಅನ್ನುತ್ತಾರೆ. ಹೆಚ್ಚಿನ ಗಿಡಗಳಲ್ಲಿ ಕಾವಿನೆಲೆ ತನ್ನ ಬುಡದಿಂದ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ ಹಾಗಲ್ಲ, ನಡುಹೊಟ್ಟೆಯಿಂದ ಅಂಟಿಕೊಂಡಿರುತ್ತದೆ. ಮೇಲೆ ಚೂಪಾದ ಭಾಗ, ಅಂಟಿದ ಜಾಗದಿಂದ ಕೆಳಗೆ ಇಳಿದ ಇನ್ನೊಂದು ಚೂರು. ಹೂವೇ ಇಲ್ಲದ ಕಾಲದಲ್ಲೂ ಇದನ್ನು ನೋಡಬಹುದು, ಜುಲೈ ತಿಂಗಳ ಎಳೆ ಬಳ್ಳಿಯಲ್ಲೂ ಇರುತ್ತದೆ. ಪಾಠ ಮಾಡುವ ದಿನಗಳಲ್ಲಿ ಮಕ್ಕಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಹೂವು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾವಿನೆಲೆಯನ್ನು ಬಗ್ಗಿ ನೋಡುವ ಅಭ್ಯಾಸ ಬಂದವರು ಆಮೇಲೆ ಯಾವ ಬಳ್ಳಿಯನ್ನೂ ಹಾಗೇ ದಾಟಿ ಹೋಗುವುದಿಲ್ಲ.

ಇಲ್ಲಿಯವರೆಗೆ ಹೆಸರು, ಉದ್ದು ಎರಡಕ್ಕೂ ಒಂದೇ ಲಕ್ಷಣ. ಎರಡನ್ನೂ ಬೇರೆ ಮಾಡುವುದು ಕಾಯಿ.

ಬಲಿಯುತ್ತಿರುವ ಕಾಯಿ ಯಾವ ಕಡೆ ಮುಖ ಮಾಡಿದೆ? ಉದ್ದಿನ ಕಾಯಿ ಮೇಲ್ಮುಖವಾಗಿ ನಿಂತಿರುತ್ತದೆ. ಹೆಸರಿನದು ಅಡ್ಡಕ್ಕೆ ಚಾಚಿರುತ್ತದೆ, ಇಲ್ಲವೇ ಕೆಳಕ್ಕೆ ಬಾಗಿರುತ್ತದೆ. ಕಾಯಿಯ ಮೇಲಿನ ಕೂದಲು ನೋಡಿ. ಉದ್ದಿಗೆ ಉದ್ದನೆಯ, ಒತ್ತಾದ ಕೂದಲು. ಹೆಸರಿಗೆ ಚಿಕ್ಕ ಕೂದಲು. ನಿಮ್ಮ ಮಸುಕು ಫೋಟೊದಲ್ಲಿ ಕಾಯಿ ಅಡ್ಡಕ್ಕೆ ಹರಡಿದ್ದು ಸ್ಪಷ್ಟವಾಗಿತ್ತು, ಕೂದಲು ಗಿಡ್ಡಗಿತ್ತು. ಹೂವಿನ ಬಣ್ಣವೂ ಕೊಂಚ ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಉದ್ದಿನದು ಕಡುಹಳದಿ, ಹೆಸರಿನದು ಹಸಿರು ಬೆರೆತ ಮಾಸಲು ಹಳದಿ. ಆದರೆ ಮೊಬೈಲ್ ಫೋಟೊದ ಬಣ್ಣವನ್ನು ನಂಬಿಕೊಂಡು ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಕೊನೆಯ ಸಾಕ್ಷಿ ಕಾಳು. ಅಡುಗೆಮನೆಯಿಂದ ನಾಲ್ಕು ಹೆಸರುಕಾಳು, ಸಿಪ್ಪೆ ತೆಗೆಯದ ನಾಲ್ಕು ಉದ್ದಿನಕಾಳು ತಂದು ಪಕ್ಕದಲ್ಲಿಟ್ಟುಕೊಳ್ಳಿ. ಕಾಳಿನ ಕಣ್ಣು ನೋಡಿ, ಅಂದರೆ ಕಾಯಿಗೆ ಅಂಟಿಕೊಂಡಿದ್ದ ಬಿಳಿ ಗೆರೆ. ಉದ್ದಿನಲ್ಲಿ ಆ ಕಣ್ಣಿನ ಸುತ್ತ ಅಂಚು ಮೇಲೆದ್ದಿರುತ್ತದೆ, ಉಗುರಿಗೇ ಗೊತ್ತಾಗುತ್ತದೆ. ಹೆಸರಿನಲ್ಲಿ ಕಣ್ಣು ಸಪಾಟು. ಕಾಡಿನ ಕಾಳಿಗೂ ಇದೇ ಲೆಕ್ಕ. ಕಾಳು ತುಂಬ ಚಿಕ್ಕದು, ಬಣ್ಣ ಕಪ್ಪು, ಕಂದು, ಇಲ್ಲವೇ ಚುಕ್ಕೆ ಚುಕ್ಕೆ. ಆದರೆ ಕಣ್ಣು ಮಾತ್ರ ಅದೇ.

ನಿಮ್ಮ ಸೀಮೆಯಲ್ಲಿ ಇದಕ್ಕೆ ಹೋಲುವ ಇನ್ನೂ ಕೆಲವು ಹಳದಿ ಹೂವಿನ ಬಳ್ಳಿಗಳಿವೆ. ಕಾಡುತೊಗರಿಯ ಎಲೆ ದಪ್ಪ, ಅಡಿಭಾಗ ಬೂದು ಬಣ್ಣದ ಮಖಮಲ್ಲು. ಕಾಯಿ ಗಿಡ್ಡ, ಚಪ್ಪಟೆ, ಮೈಯೆಲ್ಲ ಉದ್ದನೆಯ ಕೂದಲು, ಕಾಳು ಕಾಳಿನ ನಡುವೆ ಅಡ್ಡಗೆರೆ ಬಿದ್ದಿರುತ್ತದೆ. ಅದು ನಾವು ಬೆಳೆಯುವ ತೊಗರಿಯ ಹತ್ತಿರದ ನೆಂಟ. ರಿಂಕೋಸಿಯಾ ಅನ್ನುವ ಇನ್ನೊಂದು ತೆಳು ಬಳ್ಳಿ ಇದೆ. ಅದರ ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿದರೆ ಸಣ್ಣ ಸಣ್ಣ ಗ್ರಂಥಿಯ ಚುಕ್ಕೆಗಳು. ಕಾಯಿಯೊಳಗೆ ಒಂದೋ ಎರಡೋ ಕಾಳು, ಅಷ್ಟೇ. ವಿಗ್ನಾ ಡಾಲ್ಜೆಲಿಯಾನಾ ಅನ್ನುವುದು ಹೆಚ್ಚು ಮೋಸ ಮಾಡುತ್ತದೆ. ಅದಕ್ಕೂ ಸೊಟ್ಟ ದೋಣಿ, ಅದಕ್ಕೂ ಹೊಟ್ಟೆಯಿಂದ ಅಂಟಿದ ಕಾವಿನೆಲೆ. ಅದನ್ನು ಬೇರೆ ಮಾಡಲು ಒಂದು ಸುಲಭದ ದಾರಿ ಇದೆ. ನಾಲ್ಕು ಕಾಳು ಕುಂಡದಲ್ಲಿ ಹಾಕಿ. ಹೆಸರು, ಉದ್ದಿನ ಬೇಳೆ ಎರಡೂ ಮೊಳಕೆಯ ಜೊತೆ ಮಣ್ಣಿನ ಮೇಲೆ ಬರುತ್ತವೆ. ಡಾಲ್ಜೆಲಿಯಾನಾದ ಬೇಳೆ ಮಣ್ಣಿನೊಳಗೇ ಉಳಿಯುತ್ತದೆ, ಮೇಲೆ ಬರುವುದು ಬರೀ ಚಿಗುರು.

ಈಗ ಜಾಗದ ಮಾತು. ಬಳ್ಳಿ ಕಿತ್ತು ಕವರಿಗೆ ಹಾಕಿ ಕಳಿಸುವವರು ಬಹಳ ಮಂದಿ. ಎಲ್ಲಿ ಸಿಕ್ಕಿತು, ಯಾವುದಕ್ಕೆ ಸುತ್ತಿಕೊಂಡಿತ್ತು ಅಂತ ಬರೆಯುವವರು ಕಡಿಮೆ. ನೀವು ಹೊಲ, ಬದು, ಅದರಾಚೆ ಕುರುಚಲು ಕಾಡು ಅಂತ ಬರೆದಿರಿ. ಆ ಒಂದು ಸಾಲು ನನಗೆ ಒಂದು ಫೋಟೊದಷ್ಟು ಉಪಯೋಗಕ್ಕೆ ಬಂತು.

ಅಳ್ನಾವರ, ಹಳಿಯಾಳ, ಕಲಘಟಗಿ, ಮುಂಡಗೋಡ, ಹಾನಗಲ್ಲು, ಶಿಕಾರಿಪುರ. ಇದೊಂದು ಉದ್ದನೆಯ ಅರೆಮಲೆನಾಡಿನ ಪಟ್ಟಿ. ಪಶ್ಚಿಮಕ್ಕೆ ದಟ್ಟ ಕಾಡು, ಪೂರ್ವಕ್ಕೆ ಬಯಲು. ನಡುವೆ ತೇಗ, ಮತ್ತಿ, ದಿಂಡಲು, ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಕಾಡುಹೆಸರಿಗೆ ಹೇಳಿ ಮಾಡಿಸಿದ ನೆಲ ಇದು. ದಟ್ಟ ನೆರಳಿನ ಕಾಡಿನೊಳಗೆ ಅದು ಬದುಕುವುದಿಲ್ಲ, ಬಿಸಿಲು ಬೇಕು. ಬಟಾಬಯಲಿನಲ್ಲಿ ಹತ್ತಲು ಆಸರೆ ಇಲ್ಲ, ಎಳೆಯದರಲ್ಲೇ ದನ ಮೇಯುತ್ತವೆ. ಕಾಡಿನ ಅಂಚು, ಕಲ್ಲುಗುಡ್ಡದ ಇಳಿಜಾರು, ರಸ್ತೆ ಬದಿಯ ಹುಲ್ಲು, ಹೊಲದ ಬದು, ಇವೇ ಅದರ ಮನೆ. ಎತ್ತರದ ಹುಲ್ಲು ಇರಬೇಕು, ಅದಕ್ಕೆ ಸುತ್ತಿಕೊಂಡು ಬೆಳಕಿಗೆ ಏರುತ್ತದೆ.

ಇದು ಒಂದೇ ವರ್ಷದ ಬಳ್ಳಿ. ಮುಂಗಾರಿನ ಮೊದಲ ಮಳೆಗೆ ಮೊಳೆಯುತ್ತದೆ. ಆಗಸ್ಟಿನ ಹೊತ್ತಿಗೆ ಹುಲ್ಲಿನೊಳಗೆ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಗಲು ಚಿಕ್ಕದಾಗುತ್ತಾ ಬಂದಂತೆ ಹೂವಿಗೆ ತಿರುಗುತ್ತದೆ. ಹಸ್ತ, ಚಿತ್ತಿ ಮಳೆಯ ಹೊತ್ತಿಗೆ ಹೂವು, ದೀಪಾವಳಿ ಕಳೆದಂತೆ ಕಾಯಿ ಒಣಗುತ್ತದೆ. ಆಮೇಲೆ ಕಾಯಿಯೇ ಬೀಜ ಬಿತ್ತುತ್ತದೆ. ಕಾಯಿಯ ಸಿಪ್ಪೆಯೊಳಗಿನ ನಾರುಗಳು ಓರೆಯಾಗಿ ಕೂತಿರುತ್ತವೆ. ಒಣಗಿದಾಗ ಅವು ಒಂದು ದಿಕ್ಕಿಗೆ ಎಳೆಯುತ್ತವೆ. ಎರಡು ಹೋಳೂ ಫಟ್ಟನೆ ಬೇರೆಯಾಗಿ ಸುರುಳಿ ಸುತ್ತಿಕೊಳ್ಳುತ್ತವೆ, ಕಾಳು ದೂರ ಹಾರುತ್ತದೆ. ಹೊಲದ ಹೆಸರಿನಲ್ಲಿ ಈ ಗುಣ ಬಹಳ ಮಟ್ಟಿಗೆ ಹೋಗಿದೆ. ಸಿಡಿಯದೆ ಉಳಿದ ಕಾಯಿಯ ಬೀಜವನ್ನೇ ರೈತರು ತಲೆಮಾರುಗಟ್ಟಲೆ ಕೊಯ್ದು, ಅದನ್ನೇ ಮತ್ತೆ ಬಿತ್ತುತ್ತಾ ಬಂದದ್ದರಿಂದ ಹೋಗಿದೆ. ಆ ಕೆಲಸ ನಡೆದದ್ದು ನಮ್ಮ ದೇಶದಲ್ಲೇ. ಬಳ್ಳಾರಿಯ ಹತ್ತಿರ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹೆಸರು, ಹುರುಳಿ ಕಾಳುಗಳು ಸಿಕ್ಕಿವೆ. ಸುಮಾರು 4,000 ವರ್ಷ ಹಿಂದಿನ ಅಡುಗೆಯ ಉಳಿಕೆ ಅವು.

ಅದಕ್ಕೇ ಈ ಬಳ್ಳಿಯನ್ನು ಕಳೆ ಅಂದರೆ ನನಗೆ ಬೇಸರವಾಗುತ್ತದೆ. ಗದಗ, ಧಾರವಾಡ, ಬೀದರ, ಕಲಬುರಗಿಯ ಕಡೆ ಎಕರೆಗಟ್ಟಲೆ ಬೆಳೆಯುವ ಹೆಸರಿಗೆ ಇದು ತವರು. ಹೊಲದ ತಳಿಗಳು ಒಂದಕ್ಕೊಂದು ತುಂಬ ಹತ್ತಿರದವು, ಒಂದಕ್ಕೆ ತಗಲುವ ರೋಗ ಎಷ್ಟೋ ಸಲ ಉಳಿದವಕ್ಕೂ ತಗಲುತ್ತದೆ. ಬಿಳಿನೊಣ ಹರಡುವ ಹಳದಿ ನಂಜು ಹೊಲಕ್ಕೆ ಹೊಲವನ್ನೇ ಬೋಳು ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ತಳಿ ಅಭಿವೃದ್ಧಿ ಮಾಡುವವರು ಹೊಸ ಗುಣ ಹುಡುಕಿಕೊಂಡು ಕಾಡಿನ ನೆಂಟರ ಹತ್ತಿರವೇ ಹೋಗಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮಡಗಾಸ್ಕರ್‌ನಲ್ಲಿ ಸಂಗ್ರಹಿಸಿದ ಇದೇ ಕಾಡುಹೆಸರಿನ ಒಂದು ಮಾದರಿ ಇದೆ, ಸಂಖ್ಯೆ ಟಿಸಿ 1966. ಡಬ್ಬಿಯಲ್ಲಿಟ್ಟ ಕಾಳಿಗೆ ತೂತು ಕೊರೆಯುತ್ತದಲ್ಲ, ಆ ದುಂಬಿಯನ್ನು ತಡೆಯುವ ಗುಣ ಅದರಲ್ಲಿ ಸಿಕ್ಕಿತು. ಹೊಲದ ಹೆಸರಿಗೆ ಆ ಗುಣ ತರುವ ಸಂಶೋಧನೆಗೆ ಅದೇ ಆಧಾರವಾಯಿತು. ನಿಮ್ಮ ಬದುವಿನ ಬಳ್ಳಿಯಲ್ಲಿ ಯಾವ ಗುಣ ಇದೆಯೋ ನೋಡಬೇಕಾದರೆ ಬಳ್ಳಿ ಉಳಿದಿರಬೇಕು, ಅಲ್ವಾ?

ಉಳಿಸಲು ದೊಡ್ಡ ಕೆಲಸವೇನೂ ಬೇಡ. ಅಕ್ಟೋಬರಿನಲ್ಲಿ ಬದು ಸವರಬೇಡಿ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೇ ಯಂತ್ರ ತಂದು ಹುಲ್ಲು ಹೊಡೆದರೆ ಆ ವರ್ಷದ ಬೀಜ ಪೂರ್ತಿ ಹೋಯಿತು. ಕಾಯಿ ಸಿಡಿದ ಮೇಲೆ, ಡಿಸೆಂಬರ್ ಕೊನೆಗೆ ಬೇಕಾದರೆ ಕೊಯ್ದುಕೊಳ್ಳಿ. ದನಕ್ಕೆ ಒಣಹುಲ್ಲು ಸಿಕ್ಕೇ ಸಿಗುತ್ತದೆ. ಬದುವಿಗೆ ಕಳೆನಾಶಕ ಹೊಡೆಯಬೇಡಿ, ಬೆಂಕಿ ಹಾಕಬೇಡಿ. ಒಂದು ವರ್ಷ ತಪ್ಪಿದರೂ ಪೂರ್ತಿ ಕೈಬಿಟ್ಟಿತು ಅಂತಲ್ಲ. ಗಟ್ಟಿ ಸಿಪ್ಪೆಯ ಕಾಳುಗಳೆಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ, ಕೆಲವು ಮಣ್ಣಿನಲ್ಲಿ ಕಾಯುತ್ತಿರುತ್ತವೆ. ಆದರೆ ವರ್ಷವೂ ಹಾಗೇ ಮಾಡಿದರೆ ಆ ಕಾಳೂ ಖಾಲಿಯಾಗುತ್ತದೆ.

ಪ್ರಶ್ನೆ: ಕಾಡುಹೆಸರಿನ ಕಾಳು ತಿನ್ನಬಹುದಾ? ನಮ್ಮ ಹೊಲದ ಹೆಸರಿನ ಜೊತೆ ಬೆರಕೆಯಾಗಿ ಬೀಜ ಕೆಡುತ್ತದಾ? (ಕಲಘಟಗಿಯಿಂದ)

ಉತ್ತರ: ಗುರುತು ಖಚಿತವಾಗಿದ್ದರೆ ಅದೂ ಹೆಸರೇ. ಆದರೆ ಅಡುಗೆಗೆ ಅಷ್ಟು ಒಗ್ಗುವುದಿಲ್ಲ. ಕಾಳು ಪುಟ್ಟದು, ನೆನೆಹಾಕಿದರೂ ಎಷ್ಟೋ ಕಾಳು ನೀರು ಕುಡಿಯದೆ ಕಲ್ಲಾಗೇ ಉಳಿಯುತ್ತದೆ. ಒಂದು ಹಿಡಿ ಕೂಡಿಸಲು ಅರ್ಧ ದಿನ ಬೇಕು. ಅದಕ್ಕಿಂತ ಬೀಜವನ್ನು ಬದುವಿಗೇ ಬಿಡುವುದು ಮೇಲು.

ಗುರುತು ಖಚಿತ ಇಲ್ಲದಿದ್ದರೆ ಯಾವ ಕಾಡುಕಾಳನ್ನೂ ಬಾಯಿಗೆ ಹಾಕಬೇಡಿ. ಇದೇ ಕುಟುಂಬದ, ಇದೇ ಬೇಲಿಯಲ್ಲೇ ಹಬ್ಬುವ ಗುಲಗಂಜಿಯ ಕಾಳಿನಲ್ಲಿ ಅಬ್ರಿನ್ ಅನ್ನುವ ಕಡುವಿಷ ಇದೆ. ಅದರ ಕೆಂಪು ಕಪ್ಪು ಚೆಂದಕ್ಕೆ ಮಕ್ಕಳು ಕೈ ಹಾಕುತ್ತಾರೆ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಅಂಥದ್ದೇನಾದರೂ ಆದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಬೆರಕೆಯ ಮಾತು. ಪ್ರಭೇದ ಒಂದೇ ಆದ್ದರಿಂದ ಎರಡೂ ಕೂಡಬಲ್ಲವು. ಆದರೆ ಹೆಸರು ಬಹುಪಾಲು ತನ್ನ ಹೂವಿನ ಪರಾಗವನ್ನೇ ಬಳಸಿಕೊಳ್ಳುವ ಬೆಳೆ, ಹೂ ಅರಳುವ ಮೊದಲೇ ಆ ಕೆಲಸ ಮುಗಿದಿರುತ್ತದೆ. ಜೊತೆಗೆ ಮುಂಗಾರಿ ಹೆಸರು ಕೊಯ್ದು ಮನೆಗೆ ಬರುವ ಹೊತ್ತಿಗೆ ಕಾಡಿನದು ಇನ್ನೂ ಬಳ್ಳಿ ಹರಡುತ್ತಿರುತ್ತದೆ. ಬೀಜಕ್ಕೆ ಬಿಡುವ ಸಾಲನ್ನು ಹೊಲದ ನಡುವೆ ಇಟ್ಟುಕೊಳ್ಳಿ, ಸಾಕು. ಬಳ್ಳಿ ಕೀಳುವ ಅಗತ್ಯವೇ ಇಲ್ಲ.

ಪ್ರಶ್ನೆ: ನಮ್ಮ ರಬ್ಬರ್ ತೋಟದ ಅಂಚಿನಲ್ಲಿ ದೊಡ್ಡ ತಿಳಿನೇರಳೆ ಹೂವಿನ ಬಳ್ಳಿ ಹಬ್ಬಿದೆ. ಇದು ಕಾಡು ಶಂಖಪುಷ್ಪವಾ? (ಸುಳ್ಯದಿಂದ)

ಉತ್ತರ: ಎಲೆ ಎಣಿಸಿ. ಶಂಖಪುಷ್ಪದ ಒಂದು ತೊಟ್ಟಿನಲ್ಲಿ ಐದೋ ಏಳೋ ಎಲೆ. ನಿಮ್ಮ ಫೋಟೊದಲ್ಲಿ ಮೂರೇ ಇದೆ. ಇದು ಸೆಂಟ್ರೊಸೀಮಾ. ಹೂವು ತಲೆಕೆಳಗಾಗಿ ಅರಳುವುದರಲ್ಲಿ ಎರಡೂ ಒಂದೇ, ಅಗಲದ ಪತಾಕೆ ದಳ ಕೆಳಗೆ ಬಂದಿರುತ್ತದೆ. ಹಾಗಾಗಿ ನಿಮಗೆ ಹಾಗೆ ಅನ್ನಿಸಿದ್ದು ಸಹಜ. ಕಾಯಿ ಉದ್ದ, ಚಪ್ಪಟೆ, ತುದಿಗೆ ಚೂಪು ಮೂತಿ.

ಇದು ಅಮೆರಿಕ ಖಂಡದ ಬಿಸಿ ಸೀಮೆಯದು. ತೋಟದ ನೆಲ ಮುಚ್ಚಲು, ಸಾರಜನಕ ಕೊಡಲು ತಂದದ್ದು ಬೇಲಿ ದಾಟಿ ಹೊರಗೆ ಬಂದಿದೆ. ತೋಟಗಳಲ್ಲಿ ನೆಲ ಮುಚ್ಚಲು ಹಾಕುವ ಇನ್ನೊಂದು ಬಳ್ಳಿ ಮ್ಯುಕುನಾ ಬ್ರಾಕ್ಟಿಯಾಟಾ ಹೊರದೇಶದ್ದಲ್ಲ, ಈಶಾನ್ಯ ಭಾರತದ್ದು. ಆದರೂ ನಿಮ್ಮ ಕಡೆಯ ಕಾಡಿಗೆ ಅದು ಹೊಸಬಳ್ಳಿಯೇ. ಎಳೆ ಮರವನ್ನು ಪೂರ್ತಿ ಮುಚ್ಚಿಬಿಡುವ ಬಲ ಅದಕ್ಕಿದೆ. ತೋಟದೊಳಗೆ ಇದ್ದರೆ ಇರಲಿ. ಹೊಳೆಯ ದಡಕ್ಕೋ ಕಾಡಿನ ಅಂಚಿಗೋ ಚಾಚಿದರೆ ಕಾಯಿ ಕಟ್ಟುವ ಮೊದಲೇ ಕಿತ್ತು ಹಾಕಿ. ಇಲ್ಲಿ ನಾನು ಯಾವ ದಾಕ್ಷಿಣ್ಯವನ್ನೂ ತೋರಿಸುವುದಿಲ್ಲ. ಆ ಅಂಚಿನಲ್ಲಿ ನಮ್ಮ ಕಾಡುಬಳ್ಳಿಗಳಿಗೇ ಜಾಗ ಸಾಲದು.

ಪ್ರಶ್ನೆ: ಶಾಲೆಯ ಮೈದಾನದ ಪಕ್ಕ ನೆಲಕ್ಕೆ ಹರಡಿದ ಒಂದು ಬಳ್ಳಿ ಇದೆ. ಹಳದಿ ಹೂವು, ಮೂರೆಲೆ, ಆದರೆ ಒಂದೊಂದು ಎಲೆಯೂ ಮತ್ತೆ ಮೂರು ಸೀಳು. ಮಕ್ಕಳಿಗೆ ಏನು ಹೇಳಲಿ? (ಚಿತ್ರದುರ್ಗದ ಶಿಕ್ಷಕಿ)

ಉತ್ತರ: ವಿಗ್ನಾ ಟ್ರೈಲೋಬಾಟಾ ಅಂತ ಹೇಳಿ. ಪಿಲ್ಲಿಪೆಸರ ಅನ್ನುವ ಹೆಸರಿನಲ್ಲಿ ಮೇವಿಗೆ, ಹಸಿರೆಲೆ ಗೊಬ್ಬರಕ್ಕೆ ಇದನ್ನು ಬೆಳೆಯುವವರೂ ಇದ್ದಾರೆ. ಹೆಸರಿನ ನೆಂಟ, ಆದರೆ ಬೇರೆ ಪ್ರಭೇದ. ಅಳ್ನಾವರದ ಬಳ್ಳಿ ಆಸರೆ ಹುಡುಕಿ ಮೇಲೇರಿದರೆ ಇದು ಒಣಸೀಮೆಯ ಬಿಸಿಲಿಗೆ ನೆಲ ಹಿಡಿದು ಮಲಗುತ್ತದೆ. ಮಕ್ಕಳಿಗೆ ಒಂದು ಗಿಡವನ್ನು ಬೇರು ಸಮೇತ ಮೆಲ್ಲಗೆ ಅಗೆದು ತೋರಿಸಿ, ಮಣ್ಣು ನೀರಿನಲ್ಲಿ ತೊಳೆಯಲಿ. ಬೇರಿನ ಮೇಲೆ ಸಣ್ಣ ಗಂಟು ಕಾಣುತ್ತವೆ. ಒಂದನ್ನು ಬ್ಲೇಡಿನಿಂದ ನೀವೇ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಅಂತ ಅರ್ಥ. ಆ ಕೆಂಪು ಬಣ್ಣಕ್ಕೆ ಕಾರಣ ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ. ಹಸಿರು, ಬೂದು ಬಣ್ಣಕ್ಕೆ ತಿರುಗಿದ್ದರೆ ಗಂಟಿನ ಕೆಲಸ ಮುಗಿದಿದೆ.

ಪ್ರಶ್ನೆ: ಕಾಡಿನ ದಾರಿಯಲ್ಲಿ ಮಗ ಒಂದು ಬಳ್ಳಿಯ ಕಾಯಿ ಮುಟ್ಟಿದ. ಕೈಯೆಲ್ಲ ತಡೆಯಲಾರದ ತುರಿಕೆ. ಇದು ಅವರೆ ಜಾತಿಯೇ? (ಸಾಗರದಿಂದ)

ಉತ್ತರ: ಹೌದು. ನೀವು ಬರೆದ ಲಕ್ಷಣಗಳೆಲ್ಲ ನಸುಗುನ್ನಿಯವು. ಜೋತುಬಿದ್ದ ಕಡುನೇರಳೆ ಹೂಗೊಂಚಲು, ಸೊಟ್ಟಗೆ ಬಾಗಿದ ಕಾಯಿ, ಮೈಮೇಲೆ ಕಂದು ಮಖಮಲ್ಲು. ಆ ಮಖಮಲ್ಲಿನ ಒಂದೊಂದು ಕೂದಲೂ ಚೂಪು ಮುಳ್ಳು. ಚರ್ಮಕ್ಕೆ ಚುಚ್ಚಿಕೊಂಡು ಒಳಗಿನ ಮ್ಯುಕುನೈನ್ ಅನ್ನುವ ಕಿಣ್ವ ತುರಿಕೆ ಎಬ್ಬಿಸುತ್ತದೆ.

ಇನ್ನೊಮ್ಮೆ ಹೀಗಾದರೆ ಉಜ್ಜಬೇಡಿ, ಕೆರೆಯಬೇಡಿ. ಉಜ್ಜಿದಷ್ಟೂ ಕೂದಲು ಒಳಗೆ ಹೋಗುತ್ತದೆ, ಪಕ್ಕಕ್ಕೂ ಹರಡುತ್ತದೆ. ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಎತ್ತಿ, ಹೊಸ ತುಂಡಿನಿಂದ ಮತ್ತೆ ಎತ್ತಿ. ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಹಾಕಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕಣ್ಣಿಗೆ ಬಿದ್ದಿದ್ದರೆ ನೀರು ಹಾಯಿಸಿಕೊಂಡು ನೇರ ಡಾಕ್ಟರ ಹತ್ತಿರ ಹೋಗಿ. ಇದರ ಬೀಜದಲ್ಲಿ ಎಲ್-ಡೋಪಾ ಇದೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧ ಅದೇ. ಹಾಗಂತ ಬೀಜ ಕುಟ್ಟಿ ತಿನ್ನುವ ಸಾಹಸ ಬೇಡ, ಎಷ್ಟು ಹೋಯಿತು ಅನ್ನುವ ಲೆಕ್ಕ ಸಿಗುವುದಿಲ್ಲ.

ಪ್ರಶ್ನೆ: ಕಾಡುಹೆಸರಿನ ಬೀಜ ಕೂಡಿಡಬೇಕು ಅಂತ ಹೋದರೆ ಒಂದು ಕಾಯಲ್ಲೂ ಕಾಳಿಲ್ಲ, ಬರೀ ಸುರುಳಿ ಸಿಪ್ಪೆ. ಹೇಗೆ ಕೂಡಿಸುವುದು, ಯಾರಿಗೆ ಕೊಡುವುದು? (ಹಾನಗಲ್ಲಿನಿಂದ)

ಉತ್ತರ: ತಡವಾಗಿ ಹೋಗಿದ್ದೀರಿ. ಒಂದು ಬಳ್ಳಿಯ ಕಾಯಿಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ. ಹಸಿರು ಹೋಗಿ ಕಂದು ಏರುತ್ತಿರುವ ಕಾಯಿ ನೋಡಿ ಕೊಯ್ಯಬೇಕು, ಪೂರ್ತಿ ಕಪ್ಪಾಗಿ ಒಣಗುವವರೆಗೆ ಕಾಯಬಾರದು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋಗಿ. ಕಾಯಿ ತೇವವಾಗಿರುತ್ತದೆ, ಕೈ ತಗುಲಿದರೂ ಸಿಡಿಯುವುದಿಲ್ಲ. ಕಾಗದದ ಕವರಿಗೆ ಹಾಕಿ ಬಾಯಿ ಮಡಚಿ ನೆರಳಿನಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೂಸಲು ಬರುತ್ತದೆ. ಒಂದೆರಡು ದಿನದಲ್ಲಿ ಕವರಿನೊಳಗೇ ಟಪ್ ಟಪ್ ಅಂತ ಸಿಡಿಯುವುದು ಕೇಳಿಸುತ್ತದೆ. ಎಲ್ಲ ಕಾಯಿ ಕೊಯ್ಯಬೇಡಿ. ಅರ್ಧಕ್ಕಿಂತ ಜಾಸ್ತಿ ಬಳ್ಳಿಯಲ್ಲೇ ಇರಲಿ, ಅದು ಮುಂದಿನ ವರ್ಷದ್ದು. ಸ್ವಂತ ಬದುವಿನದಾದರೆ ಸರಿ, ಅರಣ್ಯ ಇಲಾಖೆಯ ಜಾಗದಿಂದ ಅನುಮತಿ ಇಲ್ಲದೆ ಏನನ್ನೂ ಕೀಳಬೇಡಿ.

ಬಿತ್ತುವುದಾದರೆ ಗಟ್ಟಿ ಸಿಪ್ಪೆಗೆ ಸಣ್ಣ ಗಾಯ ಮಾಡಬೇಕು. ಕಾಳಿನ ಕಣ್ಣಿನ ಎದುರು ಬದಿಯನ್ನು ಮರಳುಕಾಗದಕ್ಕೆ ಎರಡು ಸಲ ತಿಕ್ಕಿ. ಕಣ್ಣಿನ ಕಡೆ ತಿಕ್ಕಿದರೆ ಮೊಳಕೆಗೇ ಪೆಟ್ಟು. ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಊದಿದ ಕಾಳನ್ನು ಬಿತ್ತಿ.

ಕೊಡುವುದಾದರೆ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಒಂದು ಪ್ರಾದೇಶಿಕ ಕೇಂದ್ರ ಕೇರಳದ ತ್ರಿಶೂರಿನಲ್ಲಿದೆ. ಬೆಳೆಗಳ ಕಾಡುನೆಂಟರ ಬೀಜ ಸಂಗ್ರಹ ಅವರ ಕೆಲಸದ ಭಾಗ. ಇನ್ನೊಂದು ವಿಷಯ ಬಹಳ ರೈತರಿಗೆ ಗೊತ್ತಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ನಾಟಿ ತಳಿಗಳ ಜೊತೆ ಬೆಳೆಗಳ ಕಾಡುನೆಂಟರನ್ನು ಕಾಪಾಡುವ ರೈತರಿಗೂ ಮನ್ನಣೆಗೆ ಅವಕಾಶ ಇದೆ.

ಬರೀ ಕಾಳು ಕಳಿಸಿದರೆ ಯಾರಿಗೂ ಉಪಯೋಗ ಇಲ್ಲ. ಕವರಿನ ಮೇಲೆ ಊರು, ಬದುವೋ ಗುಡ್ಡವೋ, ಮಣ್ಣು ಕೆಂಪೋ ಕಪ್ಪೋ, ಯಾವ ಹುಲ್ಲಿಗೆ ಹತ್ತಿತ್ತು, ಕೊಯ್ದ ತಾರೀಖು, ಇಷ್ಟು ಬರೆಯಿರಿ. ಹೂವು, ಎಲೆ, ಕಾವಿನೆಲೆ ಇರುವ ಒಂದು ತುಂಡು ಬಳ್ಳಿಯನ್ನು ಹಳೆ ಪೇಪರಿನ ನಡುವೆ ಒತ್ತಿ ಒಣಗಿಸಿ ಜೊತೆಗಿಡಿ. ಸಿಡಿದ ಕಾಯಿಯ ಸಿಪ್ಪೆಯನ್ನು ಬಿಸಾಡಬೇಡಿ, ಅದನ್ನೂ ಅದೇ ಕವರಿಗೆ ಹಾಕಿ. ಹೆಸರೋ ಉದ್ದೋ ಅಂತ ಹೇಳುವ ಕೂದಲು ಇರುವುದು ಅದರ ಮೇಲೆಯೇ.